ಅಣ್ಣನ ಮನೆಗೆ ಹೋಗಲೇಬೇಕಾ, ದೇವರ ಮುಂದೆ ಹೇಳಿದ್ದು ಸಾಕಾ? ಅನುಭವ ಇದ್ದವರು ಹೇಳಿ

ಸೋಮವಾರಪೇಟೆ (ಕೇಳಿದವರು): ತೋಟದ ಬೇಲಿ ವಿಷಯಕ್ಕೆ ಅಣ್ಣನಿಗೂ ನನಗೂ ಮಾತಿಲ್ಲ. ದಿನಾ ರಾತ್ರಿ ಆತ್ಮಶೋಧನೆ ಮಾಡ್ತೀನಿ, ಫಾದರ್ ಹತ್ತಿರ ಪಾಪನಿವೇದನೆಯೂ ಆಯ್ತು. ಆದರೆ ಗುರುಗಳು ಬೈಬಲಿನ ಮತ್ತಾಯ 5:24 ಓದಿದಾಗಿನಿಂದ, ಮೊದಲು ಸಹೋದರನ ಜೊತೆ ರಾಜಿಯಾಗು, ಆಮೇಲೆ ಕಾಣಿಕೆ ಅರ್ಪಿಸು ಅನ್ನೋದನ್ನ, ಕಾಣಿಕೆ ಹಾಕೋಕೆ ಕೈ ಬರ್ತಿಲ್ಲ. ಹೋದವರು ಇದ್ದೀರಾ?

ವಿರಾಜಪೇಟೆ: ಹೋಗಲೇಬೇಕು. ನನ್ನ ಕಥೆ ಕೇಳಿ. ಕಾಫಿ ಕುಯ್ಲಿನ ತೂಕ ಹಾಕುವಾಗ ಆಳುಗಳ ಲೆಕ್ಕದಲ್ಲಿ ಗೋಣಿಯ ತೂಕ ಅಂತ ಚೀಲಕ್ಕೆ ಎರಡು ಕೆಜಿ ಕಳೆಯೋದು ನಮ್ಮಲ್ಲಿ ಅಪ್ಪನ ಕಾಲದ ರೂಢಿ. ಖಾಲಿ ಗೋಣಿ ತೂಗಿದ್ರೆ ಒಂದು ಕೆಜಿ ದಾಟಲ್ಲ. ಉಳಿದ ಒಂದು ಕೆಜಿ ಯಾರದ್ದು? ಹಣೆಗೆ ಬೂದಿ ಹಚ್ಚಿಸಿಕೊಂಡು ತಪಸ್ಸುಕಾಲ ಶುರುಮಾಡೋ ವಿಭೂತಿ ಬುಧವಾರ ಸಂತ ಅನ್ನಮ್ಮನ ದೇವಾಲಯದಿಂದ ಬಂದವನೇ ತೂಕದ ಪುಸ್ತಕ ತೆಗೆದೆ. ಕೆಜಿಗೆ ಐದು ರೂಪಾಯಿ ಕೂಲಿ, ಮೂರು ವರ್ಷಕ್ಕೆ 11,600. ಅಷ್ಟೊತ್ತಿಗೆ ಕುಯ್ಲು ಮುಗಿದು ಆಳುಗಳೆಲ್ಲ ಪಿರಿಯಾಪಟ್ಟಣ, ಹುಣಸೂರು ಕಡೆ ಹೋಗಿಯಾಗಿತ್ತು. ಹುಡುಕೋಕೆ ಜೀಪಿನ ಬಾಡಿಗೆಯೇ 6,500. ಒಬ್ಬಾಕೆ ತೀರಿಕೊಂಡಿದ್ದರು. ಮಗಳು ದುಡ್ಡು ಎರಡು ಸಲ ಎಣಿಸಿ, "ಅವ್ವ ಇದ್ದಾಗ ಔಷಧಿಗಾದ್ರೂ ಆಗ್ತಿತ್ತು" ಅಂದಳು. ಆ ಮಾತಿಗೆ ಯಾವ ಲೆಕ್ಕದಲ್ಲಿ ಕೊಡೋದು? ಬೈಬಲಿನ ಸುಂಕದವ ಜಕ್ಕಾಯ ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂದ, ನನ್ನ ಕೈಲಾಗಿದ್ದು ಅಸಲು ಮಾತ್ರ. ಆದರೂ ಕೊಟ್ಟೆ.

ಸಿದ್ದಾಪುರ: ಎಲ್ಲರಿಗೂ ಹೋಗಿ ಅನ್ನಬೇಡಿ. ನಾವು ಸಿಎಸ್‌ಐ ಸಭೆಯವರು, ಅಂದ್ರೆ ಪ್ರೊಟೆಸ್ಟಂಟರು. ಚರ್ಚಲ್ಲಿ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋ ಕರ್ತನ ಭೋಜನಕ್ಕೆ ಮುಂಚೆ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲಿ ಅಂತ ಪೌಲನ ಮಾತಿದೆ, 1 ಕೊರಿಂಥ 11:28. ಪರೀಕ್ಷಿಸಿಕೊಂಡು ನಾದಿನಿ ಮನೆಗೆ ಹೋದೆ. ಅವಳ ಮದುವೆ ಮಾತುಕತೆ ಹೊತ್ತಲ್ಲಿ ಹಿಂದಿನಿಂದ ಆಡಿದ್ದ ಮಾತನ್ನ ಒಂದೂ ಬಿಡದೆ ಹೇಳಿದೆ. ಅವಳಿಗೆ ಅದು ಗೊತ್ತೇ ಇರಲಿಲ್ಲ! ನನ್ನ ಎದೆಯ ಕಲ್ಲನ್ನ ಅವಳ ಎದೆ ಮೇಲಿಟ್ಟು ಬಂದ ಹಾಗಾಯ್ತು. ಅವತ್ತಿಂದ ಅತ್ತೆಯ ಡಯಾಲಿಸಿಸ್‌ಗೆ ಅವರ ಪಾಲು ನಿಂತಿತು. ಮೈಸೂರಿಗೆ ಕಾರು 3,500, ಆಸ್ಪತ್ರೆಗೆ 2,200, ವಾರಕ್ಕೆ ಎರಡು ಸಲ. ಓಲೆ ಅಡ ಇಟ್ಟಿದ್ದೀನಿ. ಕೀರ್ತನೆ 51 ಓದಿ, ಪಾಪ ಮಾಡಿದ ದಾವೀದ ರಾಜ ದೇವರ ಮುಂದೆಯೇ ಅತ್ತ. ಫಾದರ್ ಹತ್ತಿರ ಹೇಳಿದ್ರೆ ಹಗುರ ಆಗೋದಾದ್ರೆ ಪ್ರಶ್ನೆ ಕೇಳಿದ ಇವರಿಗೆ ಯಾಕಾಗಿಲ್ಲ?

ವಿರಾಜಪೇಟೆ: ಅಕ್ಕಾ, ಪಾಪನಿವೇದನೆ ಬಗ್ಗೆ ಕೇವಲವಾಗಿ ಮಾತಾಡಬೇಡಿ. ಅಲ್ಲಿ ಬಾಯಿಬಿಟ್ಟು ಹೇಳಿದ್ದಕ್ಕೇ ನನಗೆ ಆ ಪುಸ್ತಕ ತೆಗೆಯೋ ಧೈರ್ಯ ಬಂದಿದ್ದು. ದಾವೀದನೂ ಪ್ರವಾದಿ ನಾತಾನನ ಎದುರು ನಿಂತೇ "ಪಾಪ ಮಾಡಿದ್ದೇನೆ" ಅಂದಿದ್ದು. ಅನ್ಯಾಯ ಆಗಿದ್ದು ಊರೀಯನಿಗೆ, ಅವನನ್ನ ದಾವೀದನೇ ಕೊಲ್ಲಿಸಿದ್ದ, ಇನ್ನು ಯಾರ ಮನೆಗೆ ಹೋಗ್ತಾನೆ?

ಸಿದ್ದಾಪುರ: ಕೇವಲ ಮಾಡಿಲ್ಲ. ಇಡೀ ಬದುಕೇ ಪಶ್ಚಾತ್ತಾಪ ಆಗಿರಬೇಕು ಅಂತ 1517ರಲ್ಲೇ ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್ ತನ್ನ 95 ವಾದಗಳಲ್ಲಿ ಮೊದಲ ಮಾತಾಗಿ ಬರೆದ. ಒಂದು ದಿನ ಬೂದಿ ಹಚ್ಚಿ, ದುಡ್ಡು ಹಂಚಿದ್ರೆ ಮುಗಿಯೋದಲ್ಲ ಅಣ್ಣಾ.

ಸುಂಟಿಕೊಪ್ಪ: ನೀವು ಹಂಚಿದ ಸುದ್ದಿ ಕೇಳಿ ನಮ್ಮ ತೋಟದ ಲೈನ್ ಮನೆಯ ಆಳುಗಳೂ ಹಳೇ ಲೆಕ್ಕ ಕೇಳ್ತಿದ್ದಾರೆ. ಗೋಣಿ ಒಂದು ಕೆಜಿ ಅಂತೆ! ಮಳೆಗೆ ನೆನೆದ ಗೋಣಿ ಎಷ್ಟು ತೂಗುತ್ತೆ? ಎಲೆ, ಕಡ್ಡಿ, ಹಸಿ ಕಾಯಿಗೆ ಯಾರು ಜವಾಬ್ದಾರಿ?

ವಿರಾಜಪೇಟೆ: ಎಲೆ ಕಡ್ಡಿ ಇದ್ದರೆ ಅವರೆದುರೇ ಆರಿಸಿ ತೆಗೀರಿ. ನೆನೆದ ಗೋಣಿಯನ್ನೂ ಅವರ ಕಣ್ಣ ಮುಂದೆ ಖಾಲಿ ತೂಗಿ.

ಸುಂಟಿಕೊಪ್ಪ: ಕತ್ತಲಾಗೋ ಹೊತ್ತಲ್ಲಿ, ಆನೆ ಬರೋ ದಾರೀಲಿ, ಒಂದೊಂದೇ ಗೋಣಿ ತೂಗ್ತಾ ಕೂರೋದಾ? ನೀವೇ ಬಂದು ತೂಗಿ.

ವಿರಾಜಪೇಟೆ: ಬರ್ತೀನಿ. ಕುಯ್ಲು ಯಾವತ್ತು ಶುರು ಅಂತ ಹೇಳಿ.