ಟೆನ್ಸ್ ಚಾರ್ಟ್ ಬಾಯಿಪಾಠ, ಬಾಯಿ ಬಿಟ್ಟರೆ ‘ಡಿಡ್ ನಾಟ್ ವಾಕ್ಡ್’. ಏನು ಮಾಡೋದು?

ಕೇಳಿದವರು: ತುಮಕೂರಿನ ಒಬ್ಬ ತಾಯಿ
ಮಗಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸ್ ಸೇರಿದ್ದಾಳೆ. ಹನ್ನೆರಡು ಟೆನ್ಸ್‌ಗಳ ಚಾರ್ಟ್ ಗೋಡೆಗೆ ಅಂಟಿಸಿಕೊಂಡಿದ್ದಾಳೆ, ಕೇಳಿದರೆ ಗಡಗಡ ಹೇಳುತ್ತಾಳೆ. ಮಾತಾಡುವಾಗ ಮಾತ್ರ ‘ಐ ಡಿಡ್ ನಾಟ್ ವಾಕ್ಡ್’, ‘ಶಿ ವಾಕ್’ ಅಂತ ಬರುತ್ತದೆ. ವಾಕ್, ಕಾಲ್, ಪ್ಲೇ ತರಹದ ಸುಲಭದ ಕ್ರಿಯಾಪದಗಳಲ್ಲೇ ಹೀಗೆ. ಈ ದಾರಿಯಲ್ಲಿ ಬಂದವರು ಹೇಳಿ.

ಹಾಸನ, ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು
ಮೇಡಂ, ಆ ಚಾರ್ಟನ್ನು ಸ್ವಲ್ಪ ದಿನ ಗೋಡೆಯಿಂದ ಇಳಿಸಿ. ಅದು ಹನ್ನೆರಡು ಬೇರೆ ಬೇರೆ ವಿಷಯ ಇದ್ದಂತೆ ಹೆದರಿಸುತ್ತದೆ. ಇಂಥ ಕ್ರಿಯಾಪದಕ್ಕೆ ಇರುವುದು ನಾಲ್ಕೇ ರೂಪ: ವಾಕ್, ವಾಕ್ಸ್, ವಾಕ್ಡ್, ವಾಕಿಂಗ್. ಮಿಕ್ಕ ಕೆಲಸವೆಲ್ಲ ವಿಲ್, ಹ್ಯಾವ್, ಆಮ್, ಡಿಡ್‌ಗಳದ್ದು.

ಕನ್ನಡದಲ್ಲಿ ನಾವು ಎಷ್ಟು ಹೊರೆ ಹೊರುತ್ತೇವೆ ನೋಡಿ. ನಡೆದೆನು, ನಡೆದೆವು, ನಡೆದನು, ನಡೆದಳು, ನಡೆದರು, ನಡೆಯಿತು. ಇಂಗ್ಲಿಷಿನಲ್ಲಿ ಇಷ್ಟಕ್ಕೂ ಒಂದೇ ‘ವಾಕ್ಡ್’. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರೆ ಮಕ್ಕಳ ಮುಖ ಅರಳುತ್ತದೆ.

ಇನ್ನು ‘ಡಿಡ್ ನಾಟ್ ವಾಕ್ಡ್’. ಇದಕ್ಕೆ ಮದ್ದು ಕನ್ನಡದಲ್ಲೇ ಇದೆ. ‘ಅವಳು ನಡೆದಳು’ ಎಂಬುದಕ್ಕೆ ಇಲ್ಲ ಸೇರಿಸಿ ಅಂದರೆ ಯಾರಾದರೂ ‘ನಡೆದಳಿಲ್ಲ’ ಅಂತಾರಾ? ‘ನಡೆಯಲಿಲ್ಲ’ ಅಂತೀವಿ. ‘ದಳು’ ಬಿದ್ದುಹೋಯಿತು. ನಾನು ನಡೆಯಲಿಲ್ಲ, ಅವರು ನಡೆಯಲಿಲ್ಲ, ಎಲ್ಲರಿಗೂ ಒಂದೇ. ‘ಡಿಡ್ ನಾಟ್ ವಾಕ್’ ಕೂಡ ಹಾಗೇ. ‘ಡಿಡ್’ ಬಂದ ಮೇಲೆ ಹಿಂದಿನ ‘ಡ್’ಗೆ ಕೆಲಸವಿಲ್ಲ. ‘ಶಿ ವಾಕ್ಸ್’ ಅನ್ನುವಾಗಿನ ಎಸ್ ಕೂಡ ಪ್ರಶ್ನೆ ಕೇಳಿದರೆ ‘ಡಸ್’ ಒಳಗೆ ಹೋಗಿ ಕೂರುತ್ತದೆ: ‘ಡಸ್ ಶಿ ವಾಕ್?’ ದಿನಾ ಊಟದ ಹೊತ್ತಿಗೆ ಒಂದು ಕ್ರಿಯಾಪದ ಹಿಡಿದು, ಹೌದು, ಇಲ್ಲ, ಪ್ರಶ್ನೆ, ಮೂರನ್ನೂ ಬಾಯಲ್ಲಿ ಹೇಳಿಸಿ. ಬರೆಸಬೇಡಿ.

ಬೆಂಗಳೂರು, ಸಾಫ್ಟ್‌ವೇರ್ ಕೆಲಸ
ಮೇಷ್ಟ್ರು ಹೇಳಿದ್ದು ಸರಿ, ಆದರೆ ಕನ್ನಡವೇ ಕಾಲೆಳೆಯುವ ಜಾಗವೂ ಇದೆ. ‘ನಿನ್ನೆ ಫೋನ್ ಮಾಡಿದ್ದೆ’ ಅಂತ ನಾವು ಸಹಜವಾಗಿ ಅಂತೀವಿ. ಅದನ್ನೇ ‘ಐ ಹ್ಯಾಡ್ ಕಾಲ್ಡ್ ಯೂ ಯೆಸ್ಟರ್ಡೇ’ ಅಂತ ಮೇಲ್ ಹಾಕ್ತೀವಿ. ನಮ್ಮ ಆಫೀಸಿನಲ್ಲಿ ಅರ್ಧ ಜನ ಹೀಗೇ ಬರೆಯೋದು! ಅಲ್ಲಿ ‘ಐ ಕಾಲ್ಡ್’ ಅಷ್ಟೇ ಸಾಕು. ನಡೆದುಹೋದ ಎರಡು ಸಂಗತಿ ಇದ್ದು, ಇದು ಅದಕ್ಕಿಂತ ಮೊದಲೇ ಆಗಿತ್ತು ಅನ್ನಬೇಕಾದಾಗ ಮಾತ್ರ ‘ಹ್ಯಾಡ್’. ‘ಯೆಸ್ಟರ್ಡೇ’ ಜೊತೆ ‘ಹ್ಯಾವ್ ಕಾಲ್ಡ್’ ಕೂಡ ಸೇರದು.

ಇನ್ನೊಂದು, ‘2019ರಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ’. ‘ಐ ಆಮ್ ವರ್ಕಿಂಗ್ ಸಿನ್ಸ್ 2019’ ಅನ್ನಿಸುವುದು ಸಹಜ. ‘ಐ ಹ್ಯಾವ್ ಬೀನ್ ವರ್ಕಿಂಗ್’ ಆಗಬೇಕು. ಇಂಟರ್‌ವ್ಯೂನಲ್ಲಿ ಈ ವಾಕ್ಯ ಬಂದೇ ಬರುತ್ತೆ, ಈಗಲೇ ಕಲಿತರೆ ಒಳ್ಳೇದು.

ಮಂಗಳೂರು, ಸ್ಪೋಕನ್ ಇಂಗ್ಲಿಷ್ ತರಗತಿ ನಡೆಸುವವರು
ಎಲ್ಲರೂ ‘ವಾಕ್ಡ್’ ಅಂತ ಬರೀತಿದ್ದೀರಲ್ಲ, ಬಾಯಲ್ಲಿ ಅದು ‘ವಾಕ್ಟ್’. ಕಾಗುಣಿತ ಒಂದೇ ಇ-ಡಿ, ಶಬ್ದ ಮಾತ್ರ ಮೂರು. ಕ, ಪ, ಶ ತರಹದ ಶಬ್ದದಲ್ಲಿ ಮುಗಿದರೆ ‘ಟ್’: ಹೆಲ್ಪ್ಟ್, ವಾಶ್ಟ್. ಗಂಟಲ ಮೇಲೆ ಬೆರಳಿಟ್ಟಾಗ ನಡುಕ ಸಿಗುವ ಶಬ್ದವಾದರೆ ‘ಡ್’: ಪ್ಲೇಡ್, ಕಾಲ್ಡ್. ಮೊದಲೇ ಟ ಅಥವಾ ಡ ಇದ್ದರೆ ಮಾತ್ರ ‘ಇಡ್’: ವಾಂಟಿಡ್, ನೀಡಿಡ್. ‘ವಾಕೆಡ್’, ‘ಹೆಲ್ಪೆಡ್’ ಅಂತ ಎಳೆಯೋದು ಬಿಟ್ಟರೆ ಅರ್ಧ ಸರಿಹೋದಂತೆ. ಕೊನೆಗೆ ‘ಉ’ ಅಂಟಿಸಿ ‘ಕಾಲ್ಡು’ ಅನ್ನೋದೂ ನಮ್ಮಲ್ಲಿ ಜಾಸ್ತಿ.

ಧಾರವಾಡ, ಬಿಎಸ್ಸಿ ವಿದ್ಯಾರ್ಥಿನಿ
ಚಾರ್ಟ್ ಪೂರ್ತಿ ಬಿಡಿಸಬೇಡ್ರಿ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವಾಗ ಅದೇ ಕೈ ಹಿಡಿಯೋದು. ನಾನೂ ಕನ್ನಡ ಮಾಧ್ಯಮದವಳೇ. ನನಗೆ ತಲೆನೋವು ಆಗಿದ್ದು ಸ್ಪೆಲ್ಲಿಂಗ್: ‘ಸ್ಟಾಪ್ಡ್’ ಬರೆಯುವಾಗ ಎರಡು ಪಿ, ‘ವಿಸಿಟೆಡ್’ನಲ್ಲಿ ಒಂದೇ ಟಿ. ಕೊನೆಯ ಭಾಗದ ಮೇಲೆ ಒತ್ತು ಬೀಳದಿದ್ದರೆ ಸಾಮಾನ್ಯವಾಗಿ ಒಂದೇ ಅಕ್ಷರ. ‘ಟ್ರಾವೆಲ್ಡ್’ ಮಾತ್ರ ಬ್ರಿಟಿಷರಿಗೆ ಎರಡು ಎಲ್, ಅಮೆರಿಕದವರಿಗೆ ಒಂದು. ನಮ್ಮ ಪಠ್ಯದಲ್ಲಿ ಬ್ರಿಟಿಷ್ ಪದ್ಧತಿ, ಹಾಗಾಗಿ ಎರಡು ಬರೆದರಾಯಿತು.

ಮೈಸೂರು, ನಿವೃತ್ತ ಕನ್ನಡ ಮೇಷ್ಟ್ರು
ಕಾಲದ ಮಾತಾಯಿತು, ಅರ್ಥದ ರೂಪಗಳನ್ನು ಯಾರೂ ಮುಟ್ಟಲಿಲ್ಲವಲ್ಲ. ವಿಧ್ಯರ್ಥ, ಸಂಭಾವನಾರ್ಥ ಅಂತ ಶಾಲೆಯಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ‘ಅವಳು ನಡೆಯಲಿ’ ಅಂದರೆ ‘ಲೆಟ್ ಹರ್ ವಾಕ್’. ‘ನಡೆದಾಳು’ ಅಂದರೆ ‘ಶಿ ಮೈಟ್ ವಾಕ್’. ‘ನಡಿ’, ‘ನಡೆಯಿರಿ’ ಎರಡಕ್ಕೂ ಬರಿಯ ‘ವಾಕ್’. ಮರ್ಯಾದೆ ಬೇಕಾದರೆ ‘ಪ್ಲೀಸ್’ ಅಥವಾ ‘ಕುಡ್ ಯೂ’ ಹೊರಗಿನಿಂದ ತರಬೇಕು. ಹಿರಿಯರಿಗೆ ನಮ್ಮ ಮಕ್ಕಳ ಇಂಗ್ಲಿಷ್ ಒರಟಾಗಿ ಕೇಳಿಸುವುದು ಇದರಿಂದಲೇ.

‘ರೆ’ ಹತ್ತಿದಾಗ ಎಚ್ಚರ. ‘ಮಳೆ ನಿಂತರೆ ಹೊರಡೋಣ’ ಎಂಬುದಕ್ಕೆ ‘ಇಫ್ ದಿ ರೇನ್ ವಿಲ್ ಸ್ಟಾಪ್’ ಅಲ್ಲ, ‘ಇಫ್ ದಿ ರೇನ್ ಸ್ಟಾಪ್ಸ್’. ಮುಂದಾಗುವ ಮಾತಾದರೂ ‘ಇಫ್’ ಪಕ್ಕದಲ್ಲಿ ‘ವಿಲ್’ ಬೇಡ. ‘ಮಳೆ ನಿಂತಿದ್ದರೆ ಹೊರಡುತ್ತಿದ್ದೆವು’ ಅಂದರೆ ‘ಇಫ್ ದಿ ರೇನ್ ಹ್ಯಾಡ್ ಸ್ಟಾಪ್ಡ್, ವಿ ವುಡ್ ಹ್ಯಾವ್ ಸ್ಟಾರ್ಟೆಡ್’. ಬೆಂಗಳೂರಿನವರು ಓಡಿಸಿದ ‘ಹ್ಯಾಡ್’ಗೆ ಇಲ್ಲಿ ಜಾಗ ಸಿಕ್ಕಿತು. ‘ಡಾಕ್ಟರ್ ಸಜೆಸ್ಟ್ಸ್ ದಟ್ ಶಿ ವಾಕ್’ ಎಂಬಲ್ಲಿ ಎಸ್ ಇಲ್ಲದಿರುವುದು ತಪ್ಪಲ್ಲ. ಅದನ್ನು ಪಿಯುಸಿ ಮುಗಿದ ಮೇಲೆ ನೋಡಿಕೊಂಡರೂ ಆಯಿತು.

ಕೇಳಿದವರು
ತುಂಬಾ ಉಪಕಾರ ಆಯಿತು. ನಿನ್ನೆ ರಾತ್ರಿ ‘ನಡೆಯಲಿಲ್ಲ’ ಉಪಾಯ ಹೇಳಿಕೊಟ್ಟೆ, ಚೆನ್ನಾಗಿ ಹಿಡಿದಳು. ‘ಶಲ್’ ಬೇರೆ ಕಲಿಸಬೇಕಾ?

ಹಾಸನ, ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು
‘ಹೊರಡೋಣ್ವಾ?’ ಅಂತ ಕೇಳುವಾಗ ‘ಶಲ್ ವಿ ಸ್ಟಾರ್ಟ್?’, ಅಷ್ಟು ಸಾಕು. ಮಾತಿನಲ್ಲಿ ಮಿಕ್ಕ ಕಡೆಯೆಲ್ಲ ‘ವಿಲ್’ ನಡೆಯುತ್ತೆ.