ನದಿ ದಂಡೆಯ ಪಂಪಿನ ಬ್ರೇಕರ್ ಮಧ್ಯಾಹ್ನ ಮಾತ್ರ ಬೀಳುತ್ತಿದೆ: ಬದಲಿಸುವ ಮೊದಲು ಏನು ನೋಡಬೇಕು?

ಕಂಪ್ಲಿ ಕಡೆಯ ರೈತರೊಬ್ಬರ ಪ್ರಶ್ನೆ

ತುಂಗಭದ್ರೆಯ ದಂಡೆಯಲ್ಲಿ ನಮ್ಮದೊಂದು 7.5 ಎಚ್‌ಪಿ ಮೂರು ಫೇಸಿನ ಮಾನೋಬ್ಲಾಕ್ ಪಂಪು ಇದೆ. ಅದರಿಂದ ಬಾಳೆಗೂ ಕಬ್ಬಿಗೂ ನೀರು ಎತ್ತುತ್ತೇವೆ. ಕಂಬಕ್ಕೆ ಕಟ್ಟಿದ ತಗಡಿನ ಪೆಟ್ಟಿಗೆಯಲ್ಲಿ 16 ಆಂಪಿಯರಿನ ಮೂರು ಪೋಲಿನ ಬ್ರೇಕರ್ ಮತ್ತು ಸ್ಟಾರ್ಟರ್ ಕೂಡಿಸಿದ್ದೇವೆ. ಬೆಳಗಿನ ಪಾಳಿಯಲ್ಲಿ ಕರೆಂಟು ಬಂದರೆ ಏನೂ ತೊಂದರೆಯಿಲ್ಲ. ಮಧ್ಯಾಹ್ನದ ಪಾಳಿಯಲ್ಲಿ ಮಾತ್ರ ಮುಕ್ಕಾಲು ಗಂಟೆ ಓಡಿದ ಮೇಲೆ ಬ್ರೇಕರ್ ತಾನಾಗಿ ಬೀಳುತ್ತದೆ. ಹೋದ ತಿಂಗಳು ಅದೇ ಅಳತೆಯ ಹೊಸ ಬ್ರೇಕರ್ ಹಾಕಿಸಿದೆವು. ಹದಿನೈದು ದಿನ ಚೆನ್ನಾಗಿದ್ದು ಮತ್ತೆ ಮೊದಲಿನಂತೆಯೇ ಆಯಿತು. ಈಗ 40 ಆಂಪಿಯರಿನದನ್ನು ಹಾಕಿಬಿಡೋಣ ಎಂದು ವೈರ್‌ಮನ್ ಹೇಳುತ್ತಿದ್ದಾನೆ. ಹಾಕಿಸಬಹುದೇ? ಅನುಭವ ಉಳ್ಳವರು ತಿಳಿಸಬೇಕಾಗಿ ಕೋರುತ್ತೇನೆ.

ಗಂಗಾವತಿಯಲ್ಲಿ ಮೋಟಾರ್ ರೀವೈಂಡಿಂಗ್ ಮಾಡುವವರ ಉತ್ತರ

ಅಣ್ಣನವರೇ, 40 ಆಂಪಿಯರಿನ ಬ್ರೇಕರನ್ನು ದಯವಿಟ್ಟು ಹಾಕಿಸಬೇಡಿ. 7.5 ಎಚ್‌ಪಿ ಮೋಟಾರು 415 ವೋಲ್ಟಿನಲ್ಲಿ ಪೂರ್ತಿ ಲೋಡಿಗೆ ಎಳೆಯುವುದು ಹೆಚ್ಚುಕಡಿಮೆ 11 ಆಂಪಿಯರ್. ಬ್ರೇಕರ್ ಇರುವುದು ಮುಖ್ಯವಾಗಿ ವೈರನ್ನು ಕಾಯುವುದಕ್ಕೆ, ಆದ್ದರಿಂದ ಅದರ ಅಳತೆ ವೈರಿನ ಶಕ್ತಿಯನ್ನು ಎಂದೂ ಮೀರಬಾರದು. ಕೆಲವು ವರ್ಷಗಳ ಹಿಂದೆ ಗಿರಾಕಿಯೊಬ್ಬರ ಒತ್ತಾಯಕ್ಕೆ ನಾನೇ 16ರ ಜಾಗದಲ್ಲಿ 32 ಹಾಕಿಕೊಟ್ಟಿದ್ದೆ. ಹೊಳೆಯ ಮರಳು ಹೊಕ್ಕು ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಬಿಗಿಯಾಯಿತು, ಮೋಟಾರು 20 ಆಂಪಿಯರಿಗಿಂತ ಹೆಚ್ಚು ಎಳೆಯತೊಡಗಿತು, ಕರೆಂಟು ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವ ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಯಾರೋ ಮೊದಲೇ ತಪ್ಪಿಸಿ ನೇರ ಜೋಡಿಸಿದ್ದರು, ಬ್ರೇಕರ್ ಅಲ್ಲಾಡಲಿಲ್ಲ. ಕಾಯಿಲ್ ಪೂರ್ತಿ ಸುಟ್ಟು ಮೋಟಾರು ನನ್ನ ಅಂಗಡಿಗೇ ಬಂತು. ಆ ಸುಟ್ಟ ವಾರ್ನಿಷಿನ ವಾಸನೆಯನ್ನು ನಾನು ಇಂದಿಗೂ ಮರೆತಿಲ್ಲ. ಅಂದಿನಿಂದ ಯಾರು ಎಷ್ಟು ಕೇಳಿದರೂ ಅಳತೆ ಏರಿಸಿ ಕೊಟ್ಟಿಲ್ಲ.

ಬ್ರೇಕರಿನ ಒಳಗೆ ಎರಡು ಕಾವಲುಗಳಿವೆ. ಒಂದು ಸುರುಳಿ: ಶಾರ್ಟ್ ಆದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳಿಸುತ್ತದೆ. ಇನ್ನೊಂದು ಎರಡು ಲೋಹಗಳ ಪಟ್ಟಿ: ಅದು ಬಿಸಿಯಾದಷ್ಟೂ ಬಾಗಿ, ಕೊನೆಗೆ ಕೊಂಡಿಯನ್ನು ಬಿಡಿಸುತ್ತದೆ. ಗುಂಡಿ ಒತ್ತಿದ ಕೂಡಲೇ ಬಿದ್ದಿದ್ದರೆ ಶಾರ್ಟ್, ಅರ್ತ್ ಅಥವಾ ಸ್ಟಾರ್ಟಿಂಗ್ ಕರೆಂಟಿಗೆ ಹೊಂದದ ಬಗೆಯ ಬ್ರೇಕರ್ ಎಂದು ಅನುಮಾನಿಸಬೇಕಿತ್ತು. ಸಿ ಬಗೆಯ ಬ್ರೇಕರ್ ತನ್ನ ಅಳತೆಯ 5ರಿಂದ 10 ಪಟ್ಟು ಕರೆಂಟಿಗೆ, ಡಿ ಬಗೆಯದು 10ರಿಂದ 20 ಪಟ್ಟು ಕರೆಂಟಿಗೆ ತಟ್ಟನೆ ಬೀಳುತ್ತದೆ. ನಿಮ್ಮದು ಮುಕ್ಕಾಲು ಗಂಟೆಯ ಮೇಲೆ, ಅದೂ ಬಿಸಿಲು ಹೊತ್ತಿನಲ್ಲಿ ಬೀಳುತ್ತಿದೆ ಎಂದರೆ ಪಟ್ಟಿಗೆ ಬಿಸಿ ತಾಗುತ್ತಿದೆ. ಈ ಬ್ರೇಕರುಗಳ ಅಳತೆಯನ್ನು 30 ಡಿಗ್ರಿ ಶಾಖಕ್ಕೆ ಲೆಕ್ಕ ಹಾಕಿ ಬರೆದಿರುತ್ತಾರೆ. ನಮ್ಮ ಕಡೆ ಹೊರಗೇ 40 ದಾಟುವ ದಿನಗಳಲ್ಲಿ ಮುಚ್ಚಿದ ತಗಡಿನ ಪೆಟ್ಟಿಗೆಯೊಳಗೆ ಅದು ಇನ್ನೆಷ್ಟೋ ಏರುತ್ತದೆ, ಆಗ 16 ಎಂದು ಬರೆದಿರುವುದು 13, 14 ಆಂಪಿಯರಿನದರಂತೆ ವರ್ತಿಸುತ್ತದೆ.

ಆದರೂ 11ಕ್ಕೆ ಬೀಳಬಾರದಲ್ಲ? ಇಲ್ಲಿಯೇ ನೋಡಬೇಕಾದದ್ದು ಇದೆ. ಒಂದು, ವೋಲ್ಟೇಜು ಇಳಿದರೆ ಅದೇ ನೀರನ್ನು ಎತ್ತಲು ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ. ಮಧ್ಯಾಹ್ನ ಓಡುವಾಗ ಕ್ಲಾಂಪ್ ಮೀಟರಿನಿಂದ ಮೂರೂ ಫೇಸನ್ನು ಒಂದೊಂದಾಗಿ ಅಳೆಸಿ, ಬರೆದಿಟ್ಟುಕೊಳ್ಳಿ. ಎರಡು, ಬ್ರೇಕರಿನ ಸ್ಕ್ರೂ ಸಡಿಲವಿದ್ದರೆ ಆ ಜಾಗದಲ್ಲೇ ಬಿಸಿ ಹುಟ್ಟಿ ಪಟ್ಟಿಗೆ ಹರಿಯುತ್ತದೆ. ಹೊಸ ಬ್ರೇಕರ್ ಹದಿನೈದೇ ದಿನ ತಾಳಿತು ಎಂದಿದ್ದೀರಿ. ಹಳೆಯ ಸುಟ್ಟ ತುದಿಯನ್ನು ಕತ್ತರಿಸದೆ ಹಾಗೆಯೇ ಹೊಸದಕ್ಕೆ ತುರುಕಿರಬೇಕು ಎಂಬುದು ನನ್ನ ಬಲವಾದ ಅನುಮಾನ.

ಪೆಟ್ಟಿಗೆ ತೆರೆಯುವಾಗ ಒಂದು ಮಾತು. ಬ್ರೇಕರ್ ಕೆಳಗಿಳಿಸಿದರೂ ಅದರ ಮೇಲಿನ ಮೂರು ಸ್ಕ್ರೂಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಮೊದಲು ಆಟೋ ಸ್ವಿಚ್ಚನ್ನು (ಕರೆಂಟು ಬಂದ ಕೂಡಲೇ ಪಂಪನ್ನು ತಾನಾಗಿ ಓಡಿಸುವುದು) ಬಂದ್ ಮಾಡಿ, ಮೇಲಿನ ಕಟೌಟಿನ ಮೂರೂ ಫ್ಯೂಸುಗಳನ್ನು ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಪಾಳಿಯ ಹೊತ್ತಲ್ಲ, ಹೇಗೂ ಕರೆಂಟು ಇಲ್ಲ ಎಂದು ಕೈ ಹಾಕಬೇಡಿ, ಅದು ಯಾವ ಗಳಿಗೆಯಲ್ಲಾದರೂ ಬರಬಹುದು. ಟೆಸ್ಟರ್ ದೀಪ ಹತ್ತಲಿಲ್ಲ ಎಂಬುದನ್ನು ನೆಚ್ಚದೆ ಮೀಟರಿನಿಂದ ಫೇಸಿಗೂ ಫೇಸಿಗೂ, ಫೇಸಿಗೂ ಅರ್ತಿಗೂ ನೋಡಬೇಕು. ಆ ಮೀಟರು ಸರಿಯಿದೆಯೇ ಎಂಬುದನ್ನು ಮೊದಲೇ ಕರೆಂಟಿರುವ ಕಡೆ ಪರೀಕ್ಷಿಸಿರಬೇಕು. ಈ ಕೆಲಸವನ್ನು ಲೈಸೆನ್ಸ್ ಇರುವ ವೈರ್‌ಮನ್ ಕೈಯಲ್ಲೇ ಮಾಡಿಸಿ. ಟಿಸಿ (ಟ್ರಾನ್ಸ್‌ಫಾರ್ಮರ್) ಕಡೆಯ ಕೆಲಸವಿದ್ದರೆ ಲೈನ್‌ಮನ್ ಬರುವವರೆಗೆ ಕಾಯಿರಿ.

ಸಿಂಧನೂರಿನ ಭತ್ತದ ರೈತರ ಉತ್ತರ

ಮೇಲಿನವರು ಹೇಳಿದ್ದಕ್ಕೆ ನನ್ನದೆರಡು ಸೇರಿಕೆ. ನಮ್ಮ ಪೆಟ್ಟಿಗೆಯೂ ಪಡುವಣಕ್ಕೆ ಮುಖ ಮಾಡಿತ್ತು. ಅದನ್ನು ಕಂಬದ ಇನ್ನೊಂದು ಬದಿಗೆ ತಿರುಗಿಸಿ, ಮೇಲೊಂದು ಮೊಳ ಬಿಟ್ಟು ತಗಡಿನ ಮಾಡು ಕಟ್ಟಿದ ಬೇಸಿಗೆಯಲ್ಲಿ ಬ್ರೇಕರ್ ಬಿದ್ದದ್ದು ಒಂದೇ ಸಲ. ಇನ್ನೊಂದು, ಎರೆ ಭೂಮಿಯಲ್ಲಿ ಅರ್ತಿಂಗ್ ಪೈಪು ಹೂತವರು ಬೇಸಿಗೆಯಲ್ಲಿ ಅದರ ಬುಡವನ್ನು ನೋಡಲೇಬೇಕು. ಮಣ್ಣು ಬಿರಿದು ಪೈಪಿನ ಸುತ್ತ ಬೆರಳು ಹೋಗುವಷ್ಟು ಸಂದಿಯಾಗಿರುತ್ತದೆ. ಹೊರಗಿನಿಂದ ಅರ್ತ್ ಇದೆ ಎಂದು ಕಂಡರೂ ಕೆಲಸಕ್ಕೆ ಬರುವುದಿಲ್ಲ. ನಾವು ಇದ್ದಿಲು, ಉಪ್ಪು ತುಂಬಿ ವಾರಕ್ಕೆ ಎರಡು ಕೊಡ ನೀರು ಹಾಕುತ್ತೇವೆ. ಒದ್ದೆ ಕಾಲಿನಲ್ಲಿ ಪಂಪು ಮುಟ್ಟುವವರು ನಾವೇ, ನಮ್ಮ ಮಕ್ಕಳೇ ಎಂಬುದು ನೆನಪಿರಲಿ.

ಪ್ರಶ್ನೆ ಕೇಳಿದವರು, ನಾಲ್ಕು ದಿನಗಳ ನಂತರ

ನೀವು ಹೇಳಿದಂತೆ ಫ್ಯೂಸು ಕಿತ್ತು ತೆರೆಸಿದೆವು. ಕೆಂಪು ಫೇಸಿನ ಅಲ್ಯೂಮಿನಿಯಂ ತಂತಿಯ ತುದಿ ಕಪ್ಪಾಗಿ, ಮೇಲೆ ಬೂದಿಯಂಥ ಪುಡಿ ಕೂತಿತ್ತು. ಪ್ಲಾಸ್ಟಿಕ್ ಹೊದಿಕೆ ಎರಡು ಬೆರಳಗಲ ಗಟ್ಟಿಯಾಗಿ, ಬಾಗಿಸಿದರೆ ಚೂರು ಚೂರಾಗಿ ಉದುರಿತು. ಹೋದ ತಿಂಗಳು ಹಾಕಿದ ಬ್ರೇಕರಿನ ಅದೇ ಮೂಲೆ ಕಂದು ಬಣ್ಣಕ್ಕೆ ತಿರುಗಿದೆ. ಹಿಂದಿನ ದಿನ ಮಧ್ಯಾಹ್ನ ಅಳೆಸಿದಾಗ ಮೂರು ಫೇಸಿನಲ್ಲಿ 12.1, 12.4, 12.6 ಬಂದಿತ್ತು. ಬ್ರೇಕರನ್ನು ಇನ್ನೊಮ್ಮೆ ಬದಲಿಸಬೇಕೇ, ಅಥವಾ ತಂತಿಯನ್ನಷ್ಟೇ ಸರಿಮಾಡಿದರೆ ಸಾಕೇ?

ಗಂಗಾವತಿಯವರ ಮರು ಉತ್ತರ

ಎರಡನ್ನೂ ಮಾಡಿ. ಒಮ್ಮೆ ಬೆಂದ ಬ್ರೇಕರಿನ ಹಿಡಿತವನ್ನೂ ಪಟ್ಟಿಯನ್ನೂ ನಂಬಲಾಗದು. ಐಎಸ್‌ಐ ಗುರುತಿನ, 16 ಆಂಪಿಯರಿನ, ಒಂದೇ ಹಿಡಿಯ ಮೂರು ಪೋಲಿನದನ್ನೇ ತನ್ನಿ. ಮೂರು ಬಿಡಿ ಬ್ರೇಕರುಗಳನ್ನು ಪಕ್ಕಪಕ್ಕ ಹಾಕಿದರೆ ಒಂದು ಬಿದ್ದಾಗ ಉಳಿದೆರಡು ಫೇಸಿನಲ್ಲೇ ಮೋಟಾರು ಗುಂಯ್‌ಗುಟ್ಟುತ್ತಾ ಸುಡುತ್ತದೆ. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ, ಎರಡು ಫೇಸು ಅದಲುಬದಲಾದರೆ ಪಂಪು ಹಿಂದುಮುಂದಾಗಿ ತಿರುಗುತ್ತದೆ. ತಂತಿಯನ್ನು ಬೆಳ್ಳಗಿನ ಲೋಹ ಕಾಣುವವರೆಗೆ ಕತ್ತರಿಸಿ, ಅಲ್ಯೂಮಿನಿಯಂ ಮತ್ತು ತಾಮ್ರ ಎರಡಕ್ಕೂ ಒಗ್ಗುವ ಬೈಮೆಟಲ್ ಲಗ್ಗನ್ನು (ತಂತಿಯ ತುದಿಗೆ ತೊಡಿಸುವ ಲೋಹದ ತುಂಡು) ಕ್ರಿಂಪಿಂಗ್ ಇಕ್ಕಳದಿಂದಲೇ ಒತ್ತಿಸಿ. ಸುತ್ತಿಗೆಯಿಂದ ಬಡಿದು ಕೂಡಿಸಿದ ಲಗ್ಗು ಬೇಡ. ಸ್ಕ್ರೂ ಬಿಗಿದ ಮೇಲೆ ಒಂದೊಂದೇ ತಂತಿಯನ್ನು ಕೈಯಿಂದ ಎಳೆದು ನೋಡಿ. ಅಲ್ಯೂಮಿನಿಯಂ ಕಾದು ಆರಿದಂತೆ ಒತ್ತಡಕ್ಕೆ ಹರಡಿಕೊಂಡು ಸಡಿಲವಾಗುವ ಲೋಹ, ಆದ್ದರಿಂದ ಒಂದು ತಿಂಗಳಿಗೆ ಮತ್ತೆ ಫ್ಯೂಸು ಕಿತ್ತು ಮೂರನ್ನೂ ಇನ್ನೊಂದು ಸಲ ಬಿಗಿಸಬೇಕು. ನಿಮ್ಮ ಅಳತೆ 12 ದಾಟಿದೆ. ಮೋಟಾರಿನ ಪಟ್ಟಿಯ ಮೇಲೆ ಬರೆದಿರುವ ಆಂಪಿಯರ್ ಎಷ್ಟೆಂದು ನೋಡಿ ತಿಳಿಸಿ, ನೀರೊಳಗಿನ ಪೈಪಿನ ತುದಿಯ ಫುಟ್‌ವಾಲ್ವನ್ನೂ ಇಂಪೆಲ್ಲರನ್ನೂ ಒಮ್ಮೆ ಬಿಚ್ಚಿ ಮರಳು ತೆಗೆಸಿ.