ಪಾಶ್, ಪಾಸ್ ಔಟ್, ಪ್ರಿಪೋನ್: ಮಗಳಿಗೆ ಏನು ಹೇಳಲಿ?

ಎಡಿಸನ್ ಅಮ್ಮ, ನ್ಯೂಜೆರ್ಸಿ:
ಎಲ್ಲರಿಗೂ ನಮಸ್ಕಾರ. ಯಾವುದಾದರೂ ಒಂದು ಇಂಗ್ಲಿಷ್ ಪದದ ಹುಟ್ಟಿನ ಬಗ್ಗೆ ಒಂದು ಪುಟ ಬರೆದು ತರುವಂತೆ ಆರನೇ ತರಗತಿಯ ನನ್ನ ಮಗಳಿಗೆ ಶಾಲೆಯಲ್ಲಿ ಹೇಳಿದ್ದರು. ಅವಳ ತಂದೆ ತಾವು ಚಿಕ್ಕಂದಿನಲ್ಲಿ ಕೇಳಿದ್ದ 'ಪಾಶ್' (ಸಿರಿವಂತಿಕೆಯ, ಠೀವಿಯ) ಪದದ ಕಥೆಯನ್ನು ಹೇಳಿಕೊಟ್ಟರು. ಇಂಗ್ಲೆಂಡಿನಿಂದ ಭಾರತಕ್ಕೆ ಬರುವಾಗ ಸಿರಿವಂತರು ಹಡಗಿನಲ್ಲಿ ಬಿಸಿಲು ಬೀಳದ ಎಡಬದಿಯ ಕೋಣೆಯನ್ನೂ ಹಿಂದಿರುಗುವಾಗ ಬಲಬದಿಯದನ್ನೂ ಹಿಡಿಯುತ್ತಿದ್ದರಂತೆ. 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಎಂಬುದರ ಮೊದಲಕ್ಷರಗಳನ್ನು ಟಿಕೆಟ್ಟಿನ ಮೇಲೆ ಒತ್ತುತ್ತಿದ್ದರಂತೆ. ಶಿಕ್ಷಕಿ 'ಇದಕ್ಕೆ ಆಧಾರವೇನು?' ಎಂದು ಬರೆದು ಹಾಳೆಯನ್ನು ಹಿಂದಿರುಗಿಸಿದ್ದಾರೆ. ಅಂದಿನಿಂದ ನಾವಾಡುವ ಪ್ರತಿಯೊಂದು ಇಂಗ್ಲಿಷ್ ಮಾತಿನ ಮೇಲೂ ಮಗಳಿಗೆ ಅನುಮಾನ. ನಾನು ಕಾಲೇಜಿನಿಂದ 'ಪಾಸ್ ಔಟ್' ಆದೆ ಎಂದರೆ, 'ಮೂರ್ಛೆ ಹೋದೆಯಾ ಅಮ್ಮ?' ಎಂದು ನಗುತ್ತಾಳೆ. 'ಪ್ರಿಪೋನ್' (ನಿಗದಿಗಿಂತ ಮುಂಚೆಗೆ ತರುವುದು), 'ಕಸಿನ್ ಬ್ರದರ್', 'ಡಿಸ್ಕಸ್ ಅಬೌಟ್' ಇವುಗಳಲ್ಲಿ ನಿಜಕ್ಕೂ ತಪ್ಪು ಯಾವುದು, ನಮ್ಮ ಕಡೆಯ ಬಳಕೆ ಯಾವುದು ಎಂದು ತಿಳಿದವರು ಹೇಳುವಿರಾ?

ತೀರ್ಥಹಳ್ಳಿಯವ, ಫ್ರೀಮಾಂಟ್:
ಮೇಡಂ, ಶಿಕ್ಷಕಿ ಕೇಳಿದ್ದು ಸರಿಯಾಗಿಯೇ ಇದೆ. ಅಂಥ ಮುದ್ರೆಯಿರುವ ಒಂದು ಟಿಕೆಟ್ಟೂ ಈವರೆಗೆ ಸಿಕ್ಕಿಲ್ಲ. ಭಾರತಕ್ಕೆ ಹಡಗು ನಡೆಸುತ್ತಿದ್ದ ಪಿ ಅಂಡ್ ಓ ಕಂಪನಿಯ ದಾಖಲೆಗಳಲ್ಲಿಯೂ ಅದರ ಸುಳಿವಿಲ್ಲ. ಪದ 20ನೆಯ ಶತಮಾನದ ಆರಂಭಕ್ಕೇ ಅಚ್ಚಿನಲ್ಲಿ ಕಾಣಿಸಿಕೊಂಡರೆ, ಹಡಗಿನ ಕಥೆ ಹರಡಿದ್ದು 1930ರ ದಶಕದಿಂದ ಈಚೆಗೆ. ಇನ್ನು ಬಳಕೆಗಳ ವಿಚಾರ. 'ಪ್ರಿಪೋನ್' ಭಾರತದ್ದೇ ಆದರೂ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಸ್ಥಾನ ಪಡೆದಿದೆ. ಆದರೆ ಅಮೆರಿಕದ ಶಿಕ್ಷಕರಿಗೆ ಅದು ತಿಳಿಯಲಾರದು. 'ಪಾಸ್ ಔಟ್' ನಾವು ಕಟ್ಟಿದ್ದಲ್ಲ, ಬ್ರಿಟನ್ನಿನಲ್ಲಿ ಸೈನಿಕರು ತರಬೇತಿ ಮುಗಿಸುವುದಕ್ಕೆ ಇಂದಿಗೂ ಹಾಗೆಯೇ ಹೇಳುತ್ತಾರೆ; ಇಲ್ಲಿ ಮಾತ್ರ 'ಗ್ರಾಜುಯೇಟ್' ಎನ್ನಬೇಕು. 'ಡಿಸ್ಕಸ್ ಅಬೌಟ್' ಎಲ್ಲಿಯೇ ಬರೆದರೂ ತಿದ್ದುತ್ತಾರೆ. ಕನ್ನಡದಲ್ಲಿ 'ಅದರ ಬಗ್ಗೆ ಚರ್ಚಿಸಿದೆವು' ಎಂದು ರೂಢಿಯಾದ ನಾಲಿಗೆಗೆ ಆ 'ಅಬೌಟ್' ತಾನಾಗಿಯೇ ಬಂದುಬಿಡುತ್ತದೆ. 'ಐ ಆಮ್ ನೋಯಿಂಗ್' ಕೂಡ ತಪ್ಪೇ. 'ಕಸಿನ್' ಎಂದಷ್ಟೇ ಹೇಳಿದರೆ ಸಾಕು.

ಹಳೇ ಮೈಸೂರು, ಹ್ಯೂಸ್ಟನ್:
ತಾಯಿ, ಈ ಗುಂಪಿನಲ್ಲಿ ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮನೆಯಲ್ಲಿ ಇಂಗ್ಲಿಷ್ ಆಡುವುದನ್ನೇ ನಿಲ್ಲಿಸಿ. ಮಕ್ಕಳು ಇಂಗ್ಲಿಷನ್ನು ಶಾಲೆಯಲ್ಲಿ ಹೇಗೂ ಕಲಿಯುತ್ತಾರೆ, ಕನ್ನಡವನ್ನು ನೀವಲ್ಲದೆ ಇಲ್ಲಿ ಬೇರೆ ಯಾರೂ ಕಲಿಸುವುದಿಲ್ಲ. ನನ್ನ ಮಗ ಕನ್ನಡವನ್ನು ಅರ್ಥ ಮಾಡಿಕೊಳ್ಳುತ್ತಾನೆ, ಆದರೆ ಅವನ ಅಜ್ಜಿ ಫೋನಿನಲ್ಲಿ 'ಊಟ ಆಯ್ತಾ ಮಗು?' ಎಂದರೆ 'ಯೆಸ್' ಎಂದು ಹೇಳಿ ಫೋನನ್ನು ನನ್ನ ಕೈಗೆ ಕೊಡುತ್ತಾನೆ. ಪ್ರಿಪೋನ್ ಸರಿಯೋ ತಪ್ಪೋ ಎಂಬುದನ್ನು ಕಟ್ಟಿಕೊಂಡು ನಮಗೇನಾಗಬೇಕಾಗಿದೆ?

ಡಲ್ಲಾಸ್ ದಾವಣಗೆರೆ:
ಹಿರಿಯರ ಮಾತು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲಿಯೂ ಇದೇ ನಿಯಮ.

ಅಟ್ಲಾಂಟಾ ಅಪ್ಪ:
ನಿಯಮವಿದ್ದರೆ ಸಾಲದು, ಮಕ್ಕಳಿಗೆ ಗುರಿಯೊಂದು ಬೇಕು. ಇಂಗ್ಲಿಷ್ ಪದಗಳ ಕಾಗುಣಿತವನ್ನು ತಪ್ಪಿಲ್ಲದೆ ಹೇಳುವ ಸ್ಪೆಲ್ಲಿಂಗ್ ಬೀ ಸ್ಪರ್ಧೆಗೆ ಸೇರಿಸಿ. 1985ರಲ್ಲಿ ಬಾಲು ನಟರಾಜನ್ ಗೆದ್ದ ಮೇಲೆ ನಮ್ಮ ಮಕ್ಕಳು ಹಿಂತಿರುಗಿ ನೋಡಿಲ್ಲ. 2019ರಲ್ಲಿ ಜಂಟಿಯಾಗಿ ಗೆದ್ದ 8 ಮಕ್ಕಳಲ್ಲಿ 7 ಮಂದಿ ಭಾರತೀಯ ಮೂಲದವರು. ನನ್ನ ಮಗಳು ಲ್ಯಾಟಿನ್ ಮತ್ತು ಗ್ರೀಕ್ ಧಾತುಗಳನ್ನು ಬಾಯಿಪಾಠ ಮಾಡಿದ್ದಾಳೆ, ಶಾಲೆಯ ಮಟ್ಟದಲ್ಲಿ ಬಹುಮಾನವನ್ನೂ ಪಡೆದಿದ್ದಾಳೆ.

ಡಲ್ಲಾಸ್ ದಾವಣಗೆರೆ:
ಲ್ಯಾಟಿನ್ ಏಕೆ? ಇಂಗ್ಲಿಷಿನ 'ಅರೀಕಾ' ನಮ್ಮ 'ಅಡಿಕೆ'ಯಿಂದಲೇ ಹೋದದ್ದು. ಮಗು ಅದನ್ನೇ ಬರೆಯಲಿ.

ತೀರ್ಥಹಳ್ಳಿಯವ, ಫ್ರೀಮಾಂಟ್:
ಅಡಿಕೆ ತೋಟದಲ್ಲಿ ಬೆಳೆದ ನನಗೂ ಹಾಗೆ ಹೇಳಲು ಆಸೆಯೇ. ಆದರೆ ನಿಘಂಟುಗಳು ಅದು ಮಲಯಾಳದಿಂದ ಪೋರ್ಚುಗೀಸಿನ ಮೂಲಕ ಹೋಯಿತೆಂದು ಹೇಳುತ್ತವೆ. ನಮ್ಮದು ಅದರ ಸೋದರ ಪದ. ಆ ಮಗುವನ್ನು ಇನ್ನೊಂದು ಕಥೆಗೆ ಸಿಕ್ಕಿಸುವುದು ಬೇಡ. ಮೇಡಂ, 'ಜಗರ್‌ನಾಟ್' ಪದವನ್ನು ಕೊಡಿ. ಪುರಿಯ ಜಗನ್ನಾಥನ ರಥದ ಗಾಲಿಗಳಿಗೆ ಭಕ್ತರು ತಲೆಯೊಡ್ಡುತ್ತಾರೆಂದು ಯುರೋಪಿನ ಪ್ರವಾಸಿಗರು ಬರೆದದ್ದರಿಂದ, ಎದುರಿಗೆ ಸಿಕ್ಕಿದ್ದನ್ನೆಲ್ಲ ತುಳಿದು ಸಾಗುವ ಶಕ್ತಿಗೆ ಆ ಹೆಸರು ನಿಂತಿತು. ಬ್ರಿಟನ್ನಿನಲ್ಲಿ ದೊಡ್ಡ ಲಾರಿಗೂ ಹಾಗೆಯೇ ಕರೆಯುತ್ತಾರೆ. ಮೆರಿಯಮ್-ವೆಬ್‌ಸ್ಟರ್ ನಿಘಂಟಿನ ಜಾಲತಾಣದಲ್ಲಿ ಪದದ ಮೊದಲ ಬಳಕೆಯ ಕಾಲವೂ ಉಚಿತವಾಗಿ ಸಿಗುತ್ತದೆ. ಮಗಳು ತಾನೇ ಹುಡುಕಿ ಬರೆದುಕೊಂಡರೆ ಶಿಕ್ಷಕಿಗೂ ಒಪ್ಪಿಗೆಯಾದೀತು.

ಎಡಿಸನ್ ಅಮ್ಮ, ನ್ಯೂಜೆರ್ಸಿ:
ತುಂಬಾ ಉಪಕಾರವಾಯಿತು ಸರ್. ಜಗರ್‌ನಾಟ್ ಪದ ಅವಳಿಗೂ ಹಿಡಿಸಿತು, ಈಗಲೇ ಹುಡುಕಲು ಕುಳಿತಿದ್ದಾಳೆ.

ಹಳೇ ಮೈಸೂರು, ಹ್ಯೂಸ್ಟನ್:
ಶೀರ್ಷಿಕೆಯಲ್ಲಾದರೂ 'ಜಗನ್ನಾಥ' ಎಂದು ಕನ್ನಡ ಅಕ್ಷರಗಳಲ್ಲಿ ಬರೆಯಿಸಿ ತಾಯಿ. ಮನೆಯಲ್ಲಿ ಕನ್ನಡವನ್ನೇ ಆಡುವ ವಿಚಾರಕ್ಕೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ.